ಅದಿರು ಹರಿದಾಗ

ನರಗುಂದದ ಹಳೇ ಓಣಿಗಳಲ್ಲಿ ಮನೆಗಳ ಕೆಳಗೆ ಹಗೇವುಗಳಿವೆ. ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಅಗಲವಾದ ಹೊಟ್ಟೆ. ತಳಕ್ಕೂ ಗೋಡೆಗೂ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿ ಮುಚ್ಚಿ ಮೇಲೆ ಮಣ್ಣೆಳೆದರೆ ಬರಗಾಲಕ್ಕೊಂದು ಆಸರೆ. ಹಗೇವು ತೆಗೆಯುವ ದಿನ ಯಾರೂ ಅವಸರದಿಂದ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕಿತ್ತು. ಉಸಿರಾಡುವ ಕಾಳು ಅಲ್ಲಿನ ಆಮ್ಲಜನಕವನ್ನು ತಿಂದು ಮುಗಿಸಿರುತ್ತಿತ್ತು. ಕಾಲ ಬದಲಾಗಿ ಹಗೇವಿನ ಬಳಕೆ ನಿಂತಿತು, ಅವುಗಳ ಮೇಲೆ ಮನೆಗಳೆದ್ದವು. ಮಲಪ್ರಭೆಯ ಕಾಲುವೆ ಬಂದ ಮೇಲೆ ಅಂತರ್ಜಲ ಮೇಲಕ್ಕೇರಿತು. ಈಚಿನ ವರ್ಷಗಳಲ್ಲಿ, ಅದರಲ್ಲೂ ಮಳೆ ಹಿಡಿದಾಗ, ಪಡಸಾಲೆಯಲ್ಲೋ ಓಣಿಯ ನಡುವೆಯೋ ನೆಲ ಇದ್ದಕ್ಕಿದ್ದಂತೆ ಕುಸಿದ ಸುದ್ದಿ ನರಗುಂದದಿಂದ ಬರುತ್ತಲೇ ಇದೆ. ನಿನ್ನೆಯವರೆಗೆ ಮನೆಯ ಭಾರ ಹೊತ್ತಿದ್ದ ಮಣ್ಣು, ಒಳಗೆ ನೀರು ಸೇರಿದ ಮೇಲೆ ಹೊರಲಾರೆ ಎಂದುಬಿಡುತ್ತದೆ.

ಸಮುದ್ರ ಇಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರ. ಆದರೂ ಹಡಗಿನ ಸುರಕ್ಷತೆಯ ಈ ಅಧ್ಯಾಯವನ್ನು ನರಗುಂದದಿಂದಲೇ ಶುರುಮಾಡಿದ್ದೇನೆ, ಏಕೆಂದರೆ ನೀರು ಸೇರಿ ಬಲ ಕಳೆದುಕೊಳ್ಳುವ ಕತೆ ಎರಡೂ ಕಡೆ ಇದೆ. 2009ರ ಜುಲೈನಲ್ಲಿ ಮಂಗಳೂರಿನಾಚೆ ಮುಳುಗಿದ ‘ಏಷ್ಯನ್ ಫಾರೆಸ್ಟ್’ ಹಡಗಿಗೆ ಬಂಡೆ ತಾಗಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ, ಇನ್ನೊಂದು ಹಡಗು ಡಿಕ್ಕಿ ಹೊಡೆದಿರಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಸರಕೇ ಅದನ್ನು ವಾಲಿಸಿ ಮುಳುಗಿಸಿತು. ನವಮಂಗಳೂರು ಬಂದರಿನಲ್ಲಿ ತುಂಬಿಕೊಂಡ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ ಅದು, ಚೀನಾಕ್ಕೆ ಹೊರಟಿತ್ತು. ಹಡಗಿನಲ್ಲಿದ್ದ 18 ಚೀನೀ ನಾವಿಕರನ್ನು ಕರಾವಳಿ ಕಾವಲು ಪಡೆ ಜೀವಂತವಾಗಿ ಎತ್ತಿಕೊಂಡಿತು. ಮುಂದೆ ಹೇಳಲಿರುವ, ಅದಿರು ಹೊತ್ತ ಇತರ ಹಡಗುಗಳಲ್ಲಿ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ.

ಆ ವರ್ಷಗಳನ್ನು ರೋಣ, ಗಜೇಂದ್ರಗಡದ ಕಡೆಯವರು ಮರೆತಿರಲಿಕ್ಕಿಲ್ಲ. ಕೆಲಸಕ್ಕೆಂದು ಗದಗಿಗೆ ಬಂದವರು ಆಗಿನ ರಾಷ್ಟ್ರೀಯ ಹೆದ್ದಾರಿ 63 ದಾಟಬೇಕೆಂದರೆ ಅದಿರು ಲಾರಿಗಳ ಸಾಲು ಮುಗಿಯುವವರೆಗೆ ನಿಲ್ಲಬೇಕಿತ್ತು. ಚೀನಾದ ಉಕ್ಕಿನ ಕುಲುಮೆಗಳು ಎಷ್ಟು ಕೊಟ್ಟರೂ ಸಾಲದು ಎನ್ನುತ್ತಿದ್ದ ಕಾಲ. ಸಂಡೂರು, ಹೊಸಪೇಟೆ, ಬಳ್ಳಾರಿಯ ಅದಿರು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅಂಕೋಲಾ ಕಡೆಗೆ, ಬೇಲೇಕೇರಿ ಕಡೆಗೆ ಇಳಿಯುತ್ತಿತ್ತು. ಇನ್ನಷ್ಟು ಗೋವೆಗೆ, ಮಂಗಳೂರಿಗೆ ಹೋಗುತ್ತಿತ್ತು. ರಸ್ತೆ ಬದಿಯ ಬೇವಿನ ಎಲೆ ಕೆಂಪಾಗಿತ್ತು. ತಾಡಪಾಲಿನ ಕೆಳಗೆ ಹೋಗುತ್ತಿದ್ದ ಮಾಲು ಬಹುಪಾಲು ಪುಡಿ ಅದಿರು, ವ್ಯಾಪಾರಸ್ಥರ ಬಾಯಲ್ಲಿ ‘ಫೈನ್ಸ್’.

ಒಣ ಸೀಮೆಯಲ್ಲಿ ಅಗೆದ ಈ ಪುಡಿ ಹಡಗಿಗೆ ಏರುತ್ತಿದ್ದದ್ದು ನಾಡಿನ ಅತಿ ತೇವದ ಅಂಚಿನಲ್ಲಿ. ರೋಣ, ನರಗುಂದದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಒಂದು ಎಕರೆ ಹರಡಿದ ಬಯಲು ಗುಡ್ಡೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 40 ಟನ್ ನೀರು ಬಿದ್ದಂತೆ. ಅದರಲ್ಲಿ ಒಂದಿಷ್ಟು ಹರಿದು ಹೋದೀತು. ಉಳಿದದ್ದು ಪುಡಿಯೊಳಗೆ ಇಳಿದು ಕೂರುತ್ತದೆ.

ಒದ್ದೆ ಅದಿರಿನ ಗುಡ್ಡೆ ನೋಡಿದರೆ ಅಪಾಯವೇನೂ ಕಾಣದು. ಮೇಲೆ ಹತ್ತಿ ನಡೆಯಬಹುದು, ಲೋಡರ್ ಓಡಿಸಬಹುದು. ಕಣಗಳು ಒಂದಕ್ಕೊಂದು ಆತು ನಿಂತಿವೆ, ನಡುವಣ ಸಂದುಗಳಲ್ಲಿ ಗಾಳಿ ಇದೆ, ಜೊತೆಗೆ ನೀರೂ ಇದೆ. ಗುಡ್ಡೆಯ ಭಾರವನ್ನು ಹೊರುತ್ತಿರುವುದು ಕಣದಿಂದ ಕಣಕ್ಕೆ ಸಾಗುವ ಒತ್ತಡ. ಈಗ ಅದನ್ನು ಅಲುಗಿಸಿ. ಸೇರಿನಲ್ಲಿ ಜೋಳ ಅಳೆಯುವಾಗ ತಳವನ್ನು ನೆಲಕ್ಕೆ ಕುಕ್ಕಿದರೆ ಕಾಳು ಒತ್ತೊತ್ತಾಗಿ ಕೂತು ಮಟ್ಟ ಇಳಿಯುತ್ತದಲ್ಲ, ಅಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಕಣಗಳು ಹತ್ತಿರ ಸರಿದಂತೆ ಸಂದು ಕಿರಿದಾಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಗಾಳಿಯೆಲ್ಲ ಹೋದ ಮೇಲೆ ಸಂದುಗಳಲ್ಲಿ ಉಳಿದದ್ದು ನೀರು ಮಾತ್ರ. ನೀರು ಹಿಂಡಿದರೆ ಕುಗ್ಗುವ ವಸ್ತುವಲ್ಲ. ಪುಡಿ ನುಣ್ಣಗಿದ್ದರೆ ಬೇಗ ಹೊರಗೆ ಸೋರಲೂ ಆಗದು. ಆಗ ಗುಡ್ಡೆಯ ಭಾರ ಕಣದ ಮೇಲಿಂದ ನೀರಿನ ಮೇಲೆ ಬೀಳುತ್ತದೆ, ಕಣಗಳ ನಡುವಿನ ಹಿಡಿತ ಸಡಿಲುತ್ತದೆ. ಆ ಗಳಿಗೆಯಿಂದ ಗುಡ್ಡೆ ಗುಡ್ಡೆಯಲ್ಲ, ಗಟ್ಟಿ ಗಂಜಿ. ಮಣ್ಣಿನ ಬಲ ಇರುವುದು ಒಟ್ಟು ಒತ್ತಡದಲ್ಲಲ್ಲ, ಅದರಿಂದ ನೀರಿನ ಒತ್ತಡ ಕಳೆದು ಉಳಿದದ್ದರಲ್ಲಿ ಎಂಬುದನ್ನು ಶಾಸ್ತ್ರವಾಗಿ ಕಟ್ಟಿದವರು ಆಸ್ಟ್ರಿಯಾ ಮೂಲದ ಎಂಜಿನಿಯರ್ ಕಾರ್ಲ್ ಟರ್ಜಾಗಿ. ಅವರ ಗ್ರಂಥ ಬಂದದ್ದು 1925ರಲ್ಲಿ. 2001ರ ಭುಜ್ ಭೂಕಂಪದಲ್ಲಿ ಕಚ್ಛದ ರಣದ ಮರಳು ನೀರು ಉಕ್ಕಿಸಿದ್ದೂ ಇದೇ ಲೆಕ್ಕದಿಂದ. ಅಲ್ಲಿ ಅಲುಗಿಸಿದ್ದು ಭೂಮಿ. ಹಡಗಿನಲ್ಲಿ ಆ ಕೆಲಸ ಅಲೆಯದು, ಎಂಜಿನ್‌ನ ನಡುಕದ್ದು. ಅದೂ ಹಗಲೂ ರಾತ್ರಿ.

ಎರೆ ಹೊಲದವರಿಗೆ ಇಲ್ಲಿ ಒಂದು ಸಂಶಯ ಬರಬಹುದು: ನಮ್ಮ ಮಣ್ಣೂ ಮಳೆಗೆ ಕೆಸರಾಗುತ್ತದಲ್ಲ? ಆಗುತ್ತದೆ, ಆದರೆ ದಾರಿ ಬೇರೆ. ಎರೆಮಣ್ಣಿನಲ್ಲಿ ಜೇಡಿ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಕಾಲಿಗೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಆ ಅಂಟೇ ಅದನ್ನು ಎಷ್ಟೋ ಹಿಡಿದಿಡುತ್ತದೆ. ಅದಿರಿನ ಪುಡಿಗೆ ಅಷ್ಟು ಅಂಟಿಲ್ಲ. ಹಾಗಾಗಿ ಅದರ ಬದಲಾವಣೆ ಮುನ್ಸೂಚನೆ ಕೊಡದೆ, ಕೆಲವೇ ನಿಮಿಷಗಳಲ್ಲಿ ಆಗಿಬಿಡಬಲ್ಲದು.

ಇದನ್ನೇ ಬೇಕೆಂದು ಮಾಡಿದ ಉದಾಹರಣೆಯೂ ನಮ್ಮಲ್ಲಿದೆ. ಕುದುರೆಮುಖದ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಅದು ನಡೆಯಿತು. ಅದಿರು ನೀರಿನಂತೆ ಹರಿಯಬಲ್ಲದು ಎಂಬುದು ಮಂಗಳೂರಿಗೆ ಹೊಸ ವಿಷಯವಾಗಿರಲೇ ಇಲ್ಲ. ಕೊಳವೆಯಲ್ಲಿ ಹರಿದರೆ ಅದು ಎಂಜಿನಿಯರಿಂಗ್. ಹಡಗಿನೊಳಗೆ ಹರಿದರೆ ಕತೆ ಬೇರೆ.

ಹಡಗಿನೊಳಗೆ ಏಕೆ ಅಷ್ಟು ಅಪಾಯ? ಕಾರಣ ಅದಿರಿನ ತೂಕ. ಒಂದು ಘನ ಮೀಟರ್ ಪುಡಿ ಅದಿರು ಎರಡೂವರೆ ಟನ್ ಆಸುಪಾಸು ತೂಗುತ್ತದೆ. ಅದೇ ಜಾಗದಲ್ಲಿ ಜೋಳ ಹಿಡಿಸುವುದು ಮುಕ್ಕಾಲು ಟನ್. ಆದ್ದರಿಂದ ಹಡಗಿನ ಒಡಲು ಅರ್ಧ ತುಂಬುವುದರೊಳಗೆ ಹೊರಬಹುದಾದ ಭಾರ ಮುಗಿದುಹೋಗುತ್ತದೆ. ಮೇಲೆ ಬೇಕಾದಷ್ಟು ಖಾಲಿ ಜಾಗ, ಕೆಳಗೆ ಒಡಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿದ ಅದಿರು. ಅದು ಗಟ್ಟಿಯಾಗಿರುವವರೆಗೆ ಭಾರವೆಲ್ಲ ತಳದಲ್ಲಿದ್ದು ಹಡಗು ಬಿಗಿಯಾಗಿ ನಿಲ್ಲುತ್ತದೆ. ದ್ರವವಾದ ಕೂಡಲೇ, ಹಡಗು ಎಡಕ್ಕೆ ವಾಲಿದಾಗ ಅದಿರೂ ಎಡಕ್ಕೆ ಹರಿಯುತ್ತದೆ. ಬಲಕ್ಕೆ ವಾಲಿದಾಗ ಪೂರ್ತಿ ವಾಪಸು ಬರುವುದಿಲ್ಲ. ಒಂದಿಷ್ಟು ಅಲ್ಲೇ ನೀರು ಬಿಟ್ಟು ಗಟ್ಟಿಯಾಗುತ್ತದೆ. ಹೀಗೆ ಅಲೆಯಿಂದ ಅಲೆಗೆ ವಾಲು ಹೆಚ್ಚುತ್ತ ಹೋಗುತ್ತದೆ. ಹ್ಯಾಚ್ ಮುಚ್ಚಿರುವುದರಿಂದ ಒಳಗೆ ಏನಾಗುತ್ತಿದೆ ಎಂದು ಮೇಲಿದ್ದವರಿಗೆ ಕಾಣದು. ಅವರಿಗೆ ಗೊತ್ತಾಗುವುದು, ವಾಲಿದ ಹಡಗು ಮೊದಲಿನಂತೆ ನೆಟ್ಟಗೆ ಏಳುತ್ತಿಲ್ಲ ಎಂಬುದು. ಅಷ್ಟೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಇಂಥದ್ದಕ್ಕೆಲ್ಲ ನಿಯಮ ಬರೆಯುವುದು ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ವಿಶ್ವಸಂಸ್ಥೆಯ ಒಂದು ಅಂಗ. ಅದರ ಒಡಂಬಡಿಕೆ ಸಿದ್ಧವಾದದ್ದು 1948ರಲ್ಲಿ, ಜಾರಿಗೆ ಬಂದದ್ದು 1958ರಲ್ಲಿ. ಭಾರತ ಮರುವರ್ಷ ಸೇರಿತು. 1974ರಿಂದ 1989ರವರೆಗೆ ಅದರ ಮಹಾಕಾರ್ಯದರ್ಶಿಯಾಗಿದ್ದವರು ನಮ್ಮವರೇ ಆದ ಸಿ. ಪಿ. ಶ್ರೀವಾಸ್ತವ; ಒಂದು ಕಾಲಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕಚೇರಿಯಲ್ಲಿದ್ದ ಅಧಿಕಾರಿ. ಸಂಸ್ಥೆಯ ಮುಖ್ಯ ಒಪ್ಪಂದಗಳು ಮೂರು ನಾಲ್ಕು. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಮೊದಲ ರೂಪ ಪಡೆದ ‘ಸೋಲಾಸ್’ ಜೀವರಕ್ಷಣೆಗೆ. 1973 ಮತ್ತು 1978ರ ‘ಮಾರ್ಪೋಲ್’ ಕಡಲಿಗೆ ಎಣ್ಣೆ, ಕಸ, ವಿಷ ಸುರಿಯದಂತೆ ತಡೆಯಲು. 2004ರಲ್ಲಿ ಜಾರಿಯಾದ ‘ಐಎಸ್‌ಪಿಎಸ್’ ಸಂಹಿತೆ ಹಡಗು, ಬಂದರುಗಳ ಭದ್ರತೆಗೆ. ಈ ಕಾನೂನುಗಳ ಚರಿತ್ರೆ ಓದಿದರೆ ಒಂದು ಕ್ರಮ ಎದ್ದು ಕಾಣುತ್ತದೆ: ಮೊದಲು ಹೆಣ, ಆಮೇಲೆ ಸಭೆ, ಆಮೇಲೆ ಶಿಫಾರಸು, ತೀರಾ ಕೊನೆಗೆ ಕಡ್ಡಾಯ.

ಪುಡಿ ಅದಿರಿನ ವಿಷಯವೂ ಹಾಗೇ ಆಯಿತು. ಹಡಗಿಗೆ ಸುರಿಯುವ ಘನ ಸರಕುಗಳ ಬಗ್ಗೆ 1965ರಲ್ಲೇ ಒಂದು ಕೈಪಿಡಿ ಬಂದಿತ್ತು, ಆದರೆ ಅದು ಬರೀ ಸಲಹೆ. ಕಡ್ಡಾಯವಾಗಬೇಕಾದ ಹೊಸ ಸಂಹಿತೆ ಅಂಗೀಕಾರವಾದದ್ದು 2008ರ ಡಿಸೆಂಬರ್‌ನಲ್ಲಿ. 2009ರ ಜನವರಿಯಿಂದ ಇಷ್ಟವಿದ್ದವರು ಪಾಲಿಸಬಹುದು, 2011ರ ಜನವರಿ 1ರಿಂದ ಎಲ್ಲರೂ ಪಾಲಿಸಲೇಬೇಕು ಎಂದು ಎರಡು ವರ್ಷದ ಗಡುವು ಕೊಟ್ಟರು. ‘ಏಷ್ಯನ್ ಫಾರೆಸ್ಟ್’ ಮುಳುಗಿದ್ದು ಸರಿಯಾಗಿ ಆ ಎರಡು ವರ್ಷದ ನಡುವೆ.

ಸಂಹಿತೆಯಲ್ಲಿ ಸರಕುಗಳಿಗೆ ಮೂರು ಗುಂಪು. ‘ಎ’ ಅಂದರೆ ಒದ್ದೆಯಾದರೆ ದ್ರವವಾಗಬಲ್ಲವು. ‘ಬಿ’ ರಾಸಾಯನಿಕ ಅಪಾಯ ಇರುವವು. ‘ಸಿ’ ಎರಡೂ ಅಲ್ಲದವು. ನರಗುಂದದ ಗೊಬ್ಬರದ ಅಂಗಡಿಯಲ್ಲಿರುವ ಪೊಟ್ಯಾಷ್ ಕೂಡ ಹೊರದೇಶದಿಂದ ಬರುವಾಗ ಇದೇ ಪಟ್ಟಿಯಲ್ಲಿ ತನ್ನ ಜಾಗ ಹುಡುಕಿಕೊಂಡೇ ಬರುತ್ತದೆ, ಅದು ‘ಸಿ’. ಕಾಳುಕಡಿಗಳಿಗೆ 1991ರ ಬೇರೆ ಸಂಹಿತೆ ಇದೆ. ಎಡವಟ್ಟಾದದ್ದು ಕಬ್ಬಿಣದ ಅದಿರಿನಲ್ಲಿ. ಅರೆದು ಶುದ್ಧಮಾಡಿದ ಅದಿರು ‘ಎ’ ಗುಂಪಿನಲ್ಲಿತ್ತು. ಗಣಿಯಿಂದ ನೇರ ಬಂದ ಅದಿರು ಕಲ್ಲು ಎಂಬ ಲೆಕ್ಕದಲ್ಲಿ ‘ಸಿ’ ಗುಂಪಿನಲ್ಲಿತ್ತು. ಎರಡರ ನಡುವಿನದು, ಅಂದರೆ ಗಣಿಯಿಂದ ಬಂದದ್ದೇ ಆದರೂ ನುಣ್ಣಗಿರುವ ಫೈನ್ಸ್, ಅದಕ್ಕೆ ಪಟ್ಟಿಯಲ್ಲಿ ಸ್ವಂತ ಸ್ಥಾನವೇ ಇರಲಿಲ್ಲ. ಗದಗಿನ ರಸ್ತೆಯಲ್ಲಿ ದಿನವೂ ಸಾವಿರಾರು ಟನ್ ಓಡಾಡುತ್ತಿದ್ದ ಮಾಲು ಲಂಡನ್ನಿನ ಕಾಗದದಲ್ಲಿ ಹುಟ್ಟಿಯೇ ಇರಲಿಲ್ಲ!

ಜುಲೈ ಕಳೆದು ಸೆಪ್ಟೆಂಬರ್ ಬರುವುದರೊಳಗೆ ಪೂರ್ವ ಕರಾವಳಿಯ ಪಾರಾದೀಪ್ ಬಳಿ ‘ಬ್ಲ್ಯಾಕ್ ರೋಸ್’ ಮುಳುಗಿತು, ಅದರಲ್ಲೂ ಪುಡಿ ಅದಿರು. ಒಬ್ಬ ನಾವಿಕ ಸತ್ತ. ನಮ್ಮ ನೌಕಾ ಮಹಾನಿರ್ದೇಶನಾಲಯ ಎಚ್ಚರಿಕೆಯ ಸುತ್ತೋಲೆಗಳನ್ನು ಹೊರಡಿಸಿತು. 2010ರ ಕೊನೆಯ ಮೂರು ತಿಂಗಳಲ್ಲಿ ಇಂಡೊನೇಷ್ಯಾದ ನಿಕ್ಕಲ್ ಅದಿರು ಹೊತ್ತ ಮೂರು ಹಡಗುಗಳು ಒಂದರ ಹಿಂದೆ ಒಂದು ಮುಳುಗಿ 44 ಮಂದಿ ಹೋದರು. ಆಮೇಲೆ ಎಲ್ಲರಿಗೂ ಎಚ್ಚರವಾಯಿತು. ವಾಲೆ, ರಿಯೊ ಟಿಂಟೊ, ಬಿಎಚ್‌ಪಿಯಂಥ ದೊಡ್ಡ ಗಣಿ ಕಂಪನಿಗಳು ಕೂತು ಪರೀಕ್ಷೆ ನಡೆಸಿದವು. ಪುಡಿ ಅದಿರಿಗೆಂದೇ ಪ್ರತ್ಯೇಕ ಪುಟ ಬರೆದು, 2017ರ ಜನವರಿ 1ರಿಂದ ಕಡ್ಡಾಯ ಮಾಡಿದರು. ಹತ್ತರಲ್ಲಿ ಒಂದು ಪಾಲು ಅಥವಾ ಹೆಚ್ಚು 1 ಮಿ.ಮೀ.ಗಿಂತ ಸಣ್ಣದಿದ್ದು, ಅರ್ಧ ಅಥವಾ ಹೆಚ್ಚು 10 ಮಿ.ಮೀ.ಗಿಂತ ಸಣ್ಣದಿದ್ದರೆ ಅದು ಫೈನ್ಸ್, ಅದು ‘ಎ’ ಗುಂಪು. ಗೋಥೈಟ್ ಎಂಬ ಖನಿಜ ಶೇಕಡಾ 35 ಅಥವಾ ಹೆಚ್ಚಿದ್ದರೆ ವಿನಾಯಿತಿ; ಅಂಥ ಅದಿರು ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಪುಡಿಯ ಈ ಲೆಕ್ಕ ಬರೆಯುವುದಕ್ಕೆ, ಬರೆದು ಜಾರಿಗೆ ತರುವುದಕ್ಕೆ ‘ಏಷ್ಯನ್ ಫಾರೆಸ್ಟ್’ ಮುಳುಗಿ ಏಳೂವರೆ ವರ್ಷ ಹಿಡಿಯಿತು. ಇಷ್ಟು ನಿಧಾನಕ್ಕೆ ನನ್ನ ಬಳಿ ಒಳ್ಳೆಯ ಸಮರ್ಥನೆ ಇಲ್ಲ.

ನಿಯಮದ ತಿರುಳು ಎರಡು ಸಂಖ್ಯೆಗಳಲ್ಲಿದೆ. ಎಷ್ಟು ತೇವವಾದರೆ ಈ ಅದಿರು ಹರಿಯಲು ಶುರುಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ಮೊದಲು ಕಂಡುಹಿಡಿಯಬೇಕು. ಅಂಚಿನವರೆಗೆ ಹೋಗುವುದು ಬೇಡವೆಂದು ಸಾಮಾನ್ಯವಾಗಿ ಅದರ ಶೇಕಡಾ 90 ಅನ್ನು ಸಾಗಣೆಯ ಮಿತಿ ಎಂದು ಹಿಡಿಯುತ್ತಾರೆ. ಹರಿಯುವ ತೇವ ಶೇಕಡಾ 10 ಆದರೆ ಮಿತಿ ಶೇಕಡಾ 9. ಹಡಗಿಗೆ ತುಂಬುವ ಸರಕಿನ ತೇವ ಇದನ್ನು ಮೀರಬಾರದು. ಒಂದು ಶೇಕಡಾ ಎಂದರೆ ಎಷ್ಟು? 13,600 ಟನ್ ಅದಿರಿನಲ್ಲಿ 1,36,000 ಲೀಟರ್ ನೀರು, ಬೇಸಗೆಯಲ್ಲಿ ಓಣಿಗೆ ಬರುವ 12,000 ಲೀಟರಿನ ಹನ್ನೊಂದು ಟ್ಯಾಂಕರ್. ಮಿತಿಯ ಪರೀಕ್ಷೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ತೇವದ ಪರೀಕ್ಷೆ ತುಂಬುವುದಕ್ಕೆ ಏಳು ದಿನದೊಳಗಿನದಾಗಿರಬೇಕು. ಆ ಏಳು ದಿನದಲ್ಲಿ ಜೋರು ಮಳೆ ಬಂದರೆ ಮತ್ತೆ ನೋಡಬೇಕು.

ಕ್ಯಾಪ್ಟನ್ ಕೈಯಲ್ಲಿ ಪ್ರಯೋಗಾಲಯ ಇರುವುದಿಲ್ಲ. ಅವನಿಗಾಗಿ ಸಂಹಿತೆಯಲ್ಲಿ ಒಂದು ಸರಳ ಪರೀಕ್ಷೆ ಇದೆ. ಅರ್ಧದಿಂದ ಒಂದು ಲೀಟರ್ ಹಿಡಿಸುವ ತಗಡಿನ ಡಬ್ಬ ತಗೋ. ಅರ್ಧ ಅದಿರು ತುಂಬು. ಒಂದು ಗೇಣಿನಷ್ಟು, ಅಂದರೆ 20 ಸೆಂಟಿಮೀಟರ್, ಎತ್ತಿ ಗಟ್ಟಿ ನೆಲಕ್ಕೆ ಕುಕ್ಕು. ಒಂದೆರಡು ಸೆಕೆಂಡಿಗೊಮ್ಮೆ, ಹೀಗೆ 25 ಸಲ. ಆಮೇಲೆ ಮೇಲ್ಮೈ ನೋಡು: ನೀರು ಒಸರಿ ಹೊಳೆಯುತ್ತಿದೆಯೇ? ಅದಿರು ಕೆಸರಿನಂತೆ ಅಲುಗಾಡುತ್ತಿದೆಯೇ? ಹೌದಾದರೆ ತುಂಬುವುದನ್ನು ನಿಲ್ಲಿಸಿ, ಮತ್ತೆ ಪ್ರಯೋಗಾಲಯಕ್ಕೆ ಕಳಿಸು. ಕೋಟಿಗಟ್ಟಲೆ ಬೆಲೆಯ ಹಡಗು, ಉಪಗ್ರಹ ಸಂಪರ್ಕ, ರಾಡಾರ್ ಎಲ್ಲ ಇದ್ದೂ ಕೊನೆಗೆ ಜೀವ ನಿಂತಿರುವುದು ಒಂದು ಡಬ್ಬದ ಮೇಲೆ. ಈ ಪರೀಕ್ಷೆಯಲ್ಲಿ ಒಂದು ವಕ್ರವಿದೆ. ಡಬ್ಬದಲ್ಲಿ ನೀರು ಕಂಡರೆ ಸರಕು ಕೆಟ್ಟದ್ದು ಎನ್ನಬಹುದು. ಕಾಣದಿದ್ದರೆ ಸರಕು ಒಳ್ಳೆಯದು ಎನ್ನಲು ಬರುವುದಿಲ್ಲ, ಏಕೆಂದರೆ ಮಿತಿ ದಾಟಿದ ಅದಿರೂ ಡಬ್ಬದಲ್ಲಿ ಸುಮ್ಮನಿರಬಲ್ಲದು. ಬಂದರಿನ ಗಡಿಬಿಡಿಯಲ್ಲಿ ಎಷ್ಟೋ ಜನ ಇದನ್ನು ತಿರುಗುಮುರುಗಾಗಿ ಓದುತ್ತಾರೆ.

ಮಾದರಿ ತೆಗೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಗುಡ್ಡೆಯ ಬಿಸಿಲು ಬಿದ್ದ ಬದಿಯಿಂದ ಒಂದು ಬೊಗಸೆ ತೆಗೆದರೆ ಒಂದು ಅಂಕಿ ಬರುತ್ತದೆ, ಬುಡದಿಂದ ತೆಗೆದರೆ ಇನ್ನೊಂದು. ನೀರು ಕೆಳಗಿಳಿಯುವುದರಿಂದ ಬುಡ ಯಾವಾಗಲೂ ಹೆಚ್ಚು ಒದ್ದೆ. ಮಾದರಿ ತೆಗೆದು ಪ್ರಮಾಣಪತ್ರ ಕೊಡುವ ಹೊಣೆ ಸರಕು ಕಳಿಸುವವನದು. ಹಡಗು ಬೇಗ ಹೊರಡಬೇಕೆಂಬ ಅವಸರ ಇರುವುದೂ ಅವನಿಗೇ. ಹಲವು ಗಣಿಗಳ, ಹಲವು ವ್ಯಾಪಾರಿಗಳ ಮಾಲು ಒಂದೇ ಪ್ಲಾಟಿನಲ್ಲಿ ಬೆರೆತಿದ್ದರೆ ಅದು ಯಾರ ಅದಿರು ಎಂದು ಹೇಳುವುದೇ ಕಷ್ಟ, ಇನ್ನು ಅದರ ತೇವ ಎಷ್ಟೆಂದು ಹೇಳುವುದೆಲ್ಲಿ? 2010ರಲ್ಲಿ ಬೇಲೇಕೇರಿಯಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಕಣ್ಮುಂದೆಯೇ ಹಡಗೇರಿ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿಯನ್ನು ನಾವು ಭ್ರಷ್ಟಾಚಾರದ ಕತೆಯಾಗಿ ಓದಿದ್ದೇವೆ, ಸರಿ. ಹಡಗಿನವನ ಕಣ್ಣಿನಿಂದ ಓದಿದರೆ ಅದರಲ್ಲಿ ಇನ್ನೊಂದು ಗಾಬರಿ ಇದೆ: ಯಜಮಾನನೇ ಯಾರೆಂದು ಗೊತ್ತಿಲ್ಲದ ಗುಡ್ಡೆಯ ತೇವಾಂಶಕ್ಕೆ ಸಹಿ ಹಾಕುವವರು ಯಾರು?

ಲಂಡನ್ನಿನ ಸಂಸ್ಥೆಗೆ ಪೊಲೀಸರಿಲ್ಲ. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶ ಮೊದಲ ಹೊಣೆಗಾರ. ಆ ದೇಶ ಸಡಿಲವಾಗಿದ್ದರೆ ಬಂದರಿನ ದೇಶ ಹಡಗು ಹತ್ತಿ ತಪಾಸಣೆ ಮಾಡಬಹುದು, ತಡೆಹಿಡಿಯಬಹುದು. ಇದಕ್ಕೆಂದು ಹಿಂದೂ ಮಹಾಸಾಗರದ ದೇಶಗಳು 1998ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಭದ್ರತೆಯ ಸಂಹಿತೆ ಪಣಂಬೂರಿನ ಬೇಲಿ, ಪಾಸು, ಕ್ಯಾಮೆರಾಗಳಲ್ಲಿ ಕಣ್ಣಿಗೆ ಕಾಣುತ್ತದೆ. ಮಾಲಿನ್ಯದ ನಿಯಮ ಮುರಿದಾಗಲೂ ಕಾಣುತ್ತದೆ: 2006ರ ಮೇ 30ರಂದು ‘ಓಷನ್ ಸೆರಾಯಾ’ ಕಾರವಾರದ ಆಯಿಸ್ಟರ್ ರಾಕ್ ಬಳಿ ತಳಕ್ಕೆ ತಾಗಿ ನೂರಾರು ಟನ್ ಇಂಧನ ತೈಲ ಸೋರಿತು, ಮುಂಗಾರಿನ ಅಲೆ ಅದನ್ನು ದಡಕ್ಕೆ ಹಚ್ಚಿತು. ಅದಿರಿನ ತೇವ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಟರ್‌ಕಾರ್ಗೋ ಎಂಬ ಹಡಗು ಮಾಲೀಕರ ಸಂಘದ ಲೆಕ್ಕದಂತೆ 2009ರಿಂದ 2018ರವರೆಗೆ ಘನ ಸರಕು ಹಡಗುಗಳ ದುರಂತದಲ್ಲಿ 188 ನಾವಿಕರು ಸತ್ತರು. ಅವರಲ್ಲಿ 101 ಮಂದಿಯ ಸಾವಿಗೆ ಕಾರಣ ಸರಕು ದ್ರವವಾದದ್ದು. ನಿಕ್ಕಲ್ ಅದಿರಿನ ನಿಯಮ ಕಡ್ಡಾಯವಾಗಿ ವರ್ಷಗಳೇ ಕಳೆದ ಮೇಲೆ, 2017ರ ಅಕ್ಟೋಬರ್‌ನಲ್ಲಿ, ಅದನ್ನೇ ಹೊತ್ತಿದ್ದ ‘ಎಮರಾಲ್ಡ್ ಸ್ಟಾರ್’ ಫಿಲಿಪೀನ್ಸ್ ಬಳಿ ಮುಳುಗಿತು. ಅದರಲ್ಲಿದ್ದ 26 ಮಂದಿಯೂ ಭಾರತೀಯರು, ಹತ್ತು ಮಂದಿ ಮರಳಲಿಲ್ಲ.

ಹಾಗಾದರೆ ಒದ್ದೆ ಅದಿರನ್ನು ಸಾಗಿಸುವುದು ಹೇಗೆ? ಒಡಲಿನೊಳಗೆ ಅಡ್ಡಗೋಡೆ ಕಟ್ಟಿದ ವಿಶೇಷ ಹಡಗುಗಳಿಗೆ ಸಂಹಿತೆ ಅವಕಾಶ ಕೊಟ್ಟಿದೆ, ಆದರೆ ಅವು ಬೆರಳೆಣಿಕೆಯಷ್ಟು. ತೇವ ಹೀರುವ ಪುಡಿ ಬೆರೆಸಬಹುದು, ಗುಡ್ಡೆಗೆ ಮಾಡು ಹಾಕಬಹುದು, ಮಳೆಗಾಲ ಮುಗಿಯುವವರೆಗೆ ಕಾಯಬಹುದು. ಕಾಯುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಅಷ್ಟೇ. ಮಂಗಳೂರಿನಲ್ಲಿ ಇನ್ನೊಂದು ದಾರಿ ಮೊದಲಿನಿಂದಲೂ ಇದೆ. ಕುದುರೆಮುಖ ಕಂಪನಿಯ ಪೆಲೆಟ್ ಕಾರ್ಖಾನೆ ಪಣಂಬೂರಿನಲ್ಲಿ ಬಂದರಿಗೆ ಅಂಟಿಕೊಂಡೇ ಇದೆ. ತನ್ನ ಗಣಿ ಮುಚ್ಚಿದ ಮೇಲೆ ಅದು ಸಂಡೂರಿನ ದೋಣಿಮಲೆ ಕಡೆಯಿಂದಲೂ ಪುಡಿ ತರಿಸಿಕೊಂಡಿದೆ. ಪುಡಿಗೆ ಬೆಂಟೊನೈಟ್ ಜೇಡಿ ಬೆರೆಸಿ, ತಿರುಗುವ ತಟ್ಟೆಯಲ್ಲಿ ಉಂಡೆ ಕಟ್ಟಿ, 1,300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಸುಡುತ್ತಾರೆ. ಹೊರಬರುವುದು ಗೋಲಿ ಗಾತ್ರದ ಗಟ್ಟಿ ಗುಂಡು. ಅವುಗಳ ನಡುವಿನ ಸಂದು ದೊಡ್ಡದು. ಮಳೆ ಸುರಿದರೂ ನೀರು ಸರಾಗವಾಗಿ ತಳಕ್ಕಿಳಿದು ಪಂಪಿಗೆ ಸಿಗುತ್ತದೆ, ಕಣಗಳ ನಡುವೆ ಒತ್ತಡ ಕಟ್ಟುವುದಿಲ್ಲ. ಸಂಹಿತೆಯಲ್ಲಿ ಪೆಲೆಟ್‌ನದು ‘ಸಿ’ ಗುಂಪು. ತೇವದ ಮಿತಿಯ ಪ್ರಮಾಣಪತ್ರ ಅದಕ್ಕೆ ಬೇಕಿಲ್ಲ, ಜುಲೈನಲ್ಲೂ ತುಂಬಬಹುದು.